ಲಿಯೋನನ ತೋಳಿನ ಬಗ್ಗೆ

ದುಬೈ
10 ನವೆಂಬರ್ 2024

ಮಾನ್ಯ ಕೃಷ್ಣಪ್ಪ ಕುಂದರ್ ಅವರಿಗೆ,

ನಮಸ್ಕಾರ. ಇಪ್ಪತ್ತೊಂಬತ್ತು ವರ್ಷಗಳ ನಂತರ ಬರೆಯುತ್ತಿದ್ದೇನೆ. ಇದು ಕಚೇರಿ ಕೆಲಸದ ಪತ್ರ. ಹಾಗೆಂದೇ ಓದಬೇಕಾಗಿ ವಿನಂತಿ.

ಇಲ್ಲಿ ಹೊಸದಾಗಿ ಶುರುವಾದ ವೃತ್ತಿಪರ ಬೇಸ್‌ಬಾಲ್ ಲೀಗಿನ ಒಂದು ಕ್ಲಬ್ಬಿಗೆ ಆಟಗಾರರನ್ನು ಹುಡುಕಿಕೊಡುವುದು ನನ್ನ ಕೆಲಸ. ಗಲ್ಫಿನಲ್ಲಿ ಬೆಳೆದ ನಮ್ಮ ದೇಶದ ಮಕ್ಕಳು ಒಂದಿಬ್ಬರಾದರೂ ತಂಡದಲ್ಲಿರಲಿ ಎಂದು ಕ್ಲಬ್ಬಿನವರ ಆಸೆ. ಹೋದ ತಿಂಗಳು ಬಹ್ರೇನ್‌ನಿಂದ ಒಂದು ವಿಡಿಯೋ ಬಂತು. ಲಿಯೋನ್ ಎಂಬ ಹುಡುಗ, ಹದಿನೇಳು ವರ್ಷ, ಹನ್ನೆರಡನೇ ಕ್ಲಾಸು, ಆಡುವ ಜಾಗ ಶಾರ್ಟ್‌ಸ್ಟಾಪ್. ಮೂರು ನಿಮಿಷ ಅವನು ನೆಲದ ಚೆಂಡು ಹಿಡಿಯುವುದನ್ನು ನೋಡಿದೆ. ಎರಡನೇ ಸಲ ನೋಡುವಾಗ ಅವನಿಗೆ ಚೆಂಡು ಹೊಡೆದುಕೊಡುತ್ತಿದ್ದ ಮನುಷ್ಯನ ಕಡೆ ಕಣ್ಣು ಹೋಯಿತು. ಬೆನ್ನು ಮಾತ್ರ ಕಾಣುತ್ತಿತ್ತು. ಪ್ರತಿ ಚೆಂಡು ಹೊಡೆಯುವ ಮೊದಲು ಬ್ಯಾಟಿನ ತುದಿಯಿಂದ ಎಡಗಾಲಿನ ಬೂಟಿಗೆ ಎರಡು ಸಲ ತಟ್ಟುತ್ತಿದ್ದ. ಅದು ನೀವೇ ಎಂದು ತಿಳಿಯಲು ಯಾರನ್ನೂ ಕೇಳಬೇಕಾಗಲಿಲ್ಲ.

ಮೂರು ನಿಮಿಷದ ವಿಡಿಯೋದಲ್ಲಿ ಎಲ್ಲರೂ ಚೆನ್ನಾಗಿಯೇ ಆಡುತ್ತಾರೆ. ವಾರ ವಾರ ಕಣ್ಣಾರೆ ನೋಡುವವರ ವರದಿ ನನಗೆ ಬೇಕು. ಹುಡುಗನ ಕೈ, ಕಾಲು, ತೋಳು, ತಲೆ, ನಾಲ್ಕರ ಬಗ್ಗೆಯೂ ಬರೆಯಿರಿ. ಕೊನೆಯ ಮಾತು ಫೆಬ್ರವರಿ ಮುಗಿಯುವುದರೊಳಗೆ ಸಿಗಲಿ. ಆಯ್ಕೆಯಾದರೆ ಅವನು ಎರಡು ವರ್ಷ ದುಬೈಯಲ್ಲಿರಬೇಕು, ಕಾಲೇಜು ಮುಂದೂಡಬೇಕು. ಆದ್ದರಿಂದ ನೋಡಿ ಬರೆಯಿರಿ.

ಫೋನ್ ಬೇಡ. ಏನಿದ್ದರೂ ಬರೆದು ಕಳಿಸಿ.

ಇತಿ,
ಸಂದೇಶ್ ಕೋಟ್ಯಾನ್

*

ಮನಾಮಾ
16 ನವೆಂಬರ್ 2024

ಪ್ರೀತಿಯ ಸಂದೇಶ್,

ಬ್ಯಾಂಕಿನವರನ್ನು ಬಿಟ್ಟರೆ ನನ್ನನ್ನು ಕೃಷ್ಣಪ್ಪ ಕುಂದರ್ ಅಂತ ಕರೆದವನು ನೀನೊಬ್ಬನೇ ಮಾರಾಯ. ನಿನ್ನ ಪತ್ರವನ್ನು ಹೆಂಡತಿ ಉಷಾಲತಾಳಿಗೆ ಓದಿ ಹೇಳಿದೆ. "ಅವರು ಬರೆದರಲ್ಲ, ಸಾಕು" ಅಂದಳು. ನಾನೂ ಹಾಗೇ ಅಂದುಕೊಂಡು ಕೂತಿದ್ದೇನೆ.

ನಾನು ಹೂರಾದಲ್ಲಿ ಬಾತ್‌ರೂಮ್ ಸಾಮಾನಿನ ಅಂಗಡಿಯೊಂದರ ಮ್ಯಾನೇಜರ್. ಶುಕ್ರವಾರ ಬೆಳಿಗ್ಗೆ ಮಾತ್ರ ಕೋಚ್. ಜುಫೇರ್ ಕಡೆ ಒಂದು ಮರಳಿನ ಮೈದಾನ ಉಂಟು, ಅಲ್ಲಿ ಹದಿನಾಲ್ಕು ಮಕ್ಕಳು ಬರುತ್ತಾರೆ. ಫಿಲಿಪಿನೋ ಮಕ್ಕಳು, ಅಮೆರಿಕದವರು ಇಬ್ಬರು, ನಮ್ಮವರು ಐದು ಜನ. ಲಿಯೋನ್ ಹತ್ತನೇ ವಯಸ್ಸಿನಲ್ಲಿ ಬಂದವನು. ಆಗ ಗ್ಲೋವ್ ಅವನ ಮುಖಕ್ಕಿಂತ ದೊಡ್ಡದಿತ್ತು.

ಅವನ ಮನೆ ಉಮ್ ಅಲ್ ಹಸ್ಸಮ್‌ನಲ್ಲಿ. ತಾಯಿ ಶಾಲೆಟ್ ಸಿಸ್ಟರ್, ಶಿರ್ವದವರು, ಆಸ್ಪತ್ರೆಯಲ್ಲಿ ನರ್ಸ್. ತಂದೆ ಕ್ಲೆಮೆಂಟ್ ಅದ್ಲಿಯಾದ ಒಂದು ಹೋಟೆಲಿನಲ್ಲಿ ಅಡುಗೆಯ ಮುಖ್ಯಸ್ಥ. ನಿನ್ನ ಕ್ಲಬ್ಬಿನ ವಿಷಯ ಹೇಳಲು ನಿನ್ನೆ ಹೋದೆ. ಸಿಸ್ಟರಿಗೆ ಕ್ರಿಕೆಟ್ ಮಾತ್ರ ಗೊತ್ತು. "ಶಾರ್ಟ್‌ಸ್ಟಾಪ್ ಅಂದ್ರೆ ಎಂತ ಕಿಟ್ಟಣ್ಣ? ಏಳು ವರ್ಷದಿಂದ ಕೇಳ್ತಿದ್ದೇನೆ, ಇವ ಸರಿ ಹೇಳುದೇ ಇಲ್ಲ" ಅಂದರು. ನಾನು ಮೇಜಿನ ಮೇಲೆ ನಾಲ್ಕು ಖರ್ಜೂರ ಚೌಕಾಕಾರದಲ್ಲಿ ಇಟ್ಟೆ. ಇಲ್ಲಿ ಹೊಡೆಯುವವನು ನಿಲ್ಲುತ್ತಾನೆ, ಇದು ಒಂದನೇ ಬೇಸ್, ಇದು ಎರಡು, ಇದು ಮೂರು. ಎರಡಕ್ಕೂ ಮೂರಕ್ಕೂ ನಡುವೆ ನಿಲ್ಲುವವನು ಶಾರ್ಟ್‌ಸ್ಟಾಪ್. ಅತಿ ಹೆಚ್ಚು ಚೆಂಡು ಬರುವುದು ಅವನ ಕಡೆಗೇ. ಹಿಡಿದು ಇಷ್ಟು ದೂರ, ಒಂದನೇ ಬೇಸಿಗೆ, ಓಡುವವನು ಮುಟ್ಟುವ ಮೊದಲು ಎಸೆಯಬೇಕು. ಎರಡನೇ ಬೇಸಿನ ಈಚೆ, ಒಂದನೇ ಬೇಸಿನ ಬದಿಯಲ್ಲಿ ನಿಲ್ಲುವವನು ಎರಡನೇ ಬೇಸಿನ ಆಟಗಾರ, ಅವನಿಗೆ ಎಸೆತ ಹತ್ತಿರ. ಕ್ಲೆಮೆಂಟ್ ಎಲ್ಲ ಕೇಳಿ ಒಂದನೇ ಬೇಸನ್ನು ಎತ್ತಿ ಬಾಯಿಗೆ ಹಾಕಿಕೊಂಡ.

ಹುಡುಗನ ವಿಷಯ. ಅವನ ಕೈಯಷ್ಟು ಮೃದುವಾದ ಕೈ ನಾನು ಈ ಊರಲ್ಲಿ ನೋಡಿಲ್ಲ. ಮರಳಿನಲ್ಲಿ ಚೆಂಡು ಹೇಗೆಲ್ಲ ಹಾರುತ್ತದೆ ನಿನಗೆ ಗೊತ್ತು. ಅವನು ಅದನ್ನು ಹಿಡಿಯುವುದಲ್ಲ, ಬಾ ಅಂತ ಕರೆದ ಹಾಗೆ ಕಾಣುತ್ತದೆ. ಕಾಲು ಚುರುಕು. ತಲೆ ತಣ್ಣಗೆ. ತಪ್ಪಿದರೆ ನಗುತ್ತಾನೆ, ಮುಂದಿನ ಚೆಂಡಿಗೆ ಬಗ್ಗುತ್ತಾನೆ. ಒಳ್ಳೆಯ ಮಗು.

ನಿನ್ನ ಮನೆಯವರೆಲ್ಲ ಹೇಗಿದ್ದಾರೆ? ಅದನ್ನೂ ಎರಡು ಸಾಲು ಬರೆ.

ನಿನ್ನ,
ಕಿಟ್ಟಣ್ಣ

*

ದುಬೈ
19 ನವೆಂಬರ್ 2024

ಮಾನ್ಯರೆ,

ಪತ್ರ ಸೇರಿತು. ಒಳ್ಳೆಯ ಮಗು ಎಂಬುದನ್ನು ನಾನು ಯಾವ ಅಂಕಣದಲ್ಲಿ ತುಂಬಲಿ? ನನಗೆ ಅಳತೆಗಳು ಬೇಕು. ಸೆಕೆಂಡು, ವೇಗ, ಹತ್ತರಲ್ಲಿ ಎಷ್ಟು.

ನಾಲ್ಕು ವಿಷಯ ಕೇಳಿದ್ದೆ. ಕೈ, ಕಾಲು, ತಲೆಯ ಬಗ್ಗೆ ಬರೆದಿದ್ದೀರಿ. ತೋಳಿನ ಬಗ್ಗೆ, ಎಸೆತ ಎಷ್ಟು ಬಿರುಸು ಎಂಬ ಬಗ್ಗೆ, ಒಂದಕ್ಷರವೂ ಇಲ್ಲ. ತೋಳಿನ ಬಗ್ಗೆ ಹೇಳಲು ನೀವು ಹಿಂದೆ ಹಿಂಜರಿದವರಲ್ಲ.

ಇತಿ,
ಸಂದೇಶ್ ಕೋಟ್ಯಾನ್

*

ಮನಾಮಾ
18 ಜನವರಿ 2025

ಪ್ರೀತಿಯ ಸಂದೇಶ್,

ಎರಡು ತಿಂಗಳು ಸುಮ್ಮನಿದ್ದೆ. ಅಳತೆ ಮಾಡಲು ಇಷ್ಟು ದಿನ ಬೇಕಿರಲಿಲ್ಲ. ನಿನ್ನ ಕೊನೆಯ ಸಾಲಿಗೆ ಏನು ಬರೆಯಬೇಕೆಂದು ಗೊತ್ತಾಗಲಿಲ್ಲ, ಇವತ್ತೂ ಗೊತ್ತಿಲ್ಲ. ಅಳತೆ ಮಾತ್ರ ಕಳಿಸುತ್ತೇನೆ.

ಅಮೆರಿಕದ ಹುಡುಗನೊಬ್ಬನ ಅಪ್ಪನ ಹತ್ತಿರ ವೇಗ ಅಳೆಯುವ ಯಂತ್ರ ಉಂಟು. ಮೂರು ಶುಕ್ರವಾರ ತರಿಸಿದೆ. ಲಿಯೋನನ ಎಸೆತ ಗಂಟೆಗೆ ನೂರ ಹದಿನೆಂಟು ಕಿಲೋಮೀಟರ್. ಒಮ್ಮೆ ನೂರ ಇಪ್ಪತ್ತೊಂದು ಬಂತು, ಅದು ಗಾಳಿ ಹಿಂದಿನಿಂದ ಬೀಸಿದಾಗ. ನಿಮ್ಮ ಲೀಗಿನಲ್ಲಿ ಶಾರ್ಟ್‌ಸ್ಟಾಪ್‌ಗಳು ನೂರ ಮೂವತ್ತೈದರ ಮೇಲೆ ಎಸೆಯುತ್ತಾರೆ ಅಂತ ಓದಿದೆ. ಎದುರಿಗೆ ಬಂದ ಚೆಂಡಾದರೆ ಹತ್ತಕ್ಕೆ ಹತ್ತೂ ಔಟ್ ಮಾಡುತ್ತಾನೆ. ಮೂರನೇ ಬೇಸಿನ ಬದಿಗೆ ಓಡಿ ಹಿಡಿದರೆ ಹತ್ತರಲ್ಲಿ ನಾಲ್ಕು. ಉಳಿದ ಆರು ಸಲ ಚೆಂಡು ನೆಲಕ್ಕೆ ಒಂದು ಪುಟ ಬಿದ್ದು ಹೋಗುತ್ತದೆ, ಅಷ್ಟರಲ್ಲಿ ಓಡುವವನು ಮುಟ್ಟಿರುತ್ತಾನೆ. ಆದರೆ ಗ್ಲೋವಿನಿಂದ ಕೈಗೆ ಚೆಂಡು ತೆಗೆಯುವುದುಂಟಲ್ಲ, ಅದನ್ನು ನನ್ನ ಸ್ಟಾಪ್‌ವಾಚಿನಲ್ಲಿ ಹಿಡಿಯಲಿಕ್ಕೇ ಆಗಲಿಲ್ಲ. ಅಷ್ಟು ಬೇಗ.

ಯಂತ್ರದಲ್ಲಿ ಎಷ್ಟು ಬಂತು ಅಂತ ಹುಡುಗ ಪ್ರತಿ ಸಲ ಓಡಿಬಂದು ಕೇಳುತ್ತಾನೆ. ಬೋರ್ಡ್ ಪರೀಕ್ಷೆ ಹತ್ತಿರ ಬಂತು. ಮಂಗಳೂರಿನ ಕಾಲೇಜಿನ ಅರ್ಜಿ ಮೇಜಿನ ಮೇಲೆ ಹಾಗೇ ಬಿದ್ದಿದೆಯಂತೆ, ತುಂಬಿಸಿಲ್ಲ. ಮೊನ್ನೆ ಅವರ ಮನೆಯಿಂದ ಹೊರಡುವಾಗ ಶಾಲೆಟ್ ಸಿಸ್ಟರ್ ಬಾಗಿಲವರೆಗೆ ಬಂದು ಮೆಲ್ಲಗೆ ಕೇಳಿದರು, "ಕಿಟ್ಟಣ್ಣ, ನನಗೆ ಒಂದು ಹೇಳಿ. ಇವನನ್ನು ತಗೊಳ್ತಾರಾ? ಇಲ್ಲ ಅಂತಾದರೆ ಈಗಲೇ ಗೊತ್ತಾಗಲಿ. ಆಸೆ ಬೆಳೆದ ಮೇಲೆ ನನ್ನಿಂದ ನೋಡ್ಲಿಕ್ಕೆ ಆಗುದಿಲ್ಲ."

ನಾನು ಲಿಫ್ಟ್ ಬಂತು ಅಂತ ಹೇಳಿ ಹೊರಟುಬಿಟ್ಟೆ.

ನಿನ್ನ,
ಕಿಟ್ಟಣ್ಣ

*

ದುಬೈ
27 ಜನವರಿ 2025

ಮಾನ್ಯರೆ,

ಅಳತೆಗಳಿಗೆ ಧನ್ಯವಾದ. ನೀವು ನನ್ನ ಮನೆಯ ವಿಷಯ ಕೇಳಿದ್ದಿರಿ. ಹೆಂಡತಿ ವಿನಿತಾ, ಶಾಲೆಯಲ್ಲಿ ಟೀಚರ್. ಮಗಳು ಸುರಕ್ಷಾ ಓದುತ್ತಿದ್ದಾಳೆ. ಇಬ್ಬರಿಗೂ ನಿಮ್ಮ ಹೆಸರು ಗೊತ್ತಿಲ್ಲ.

ಒಂದು ವಿಷಯ ಬರೆದುಬಿಡುತ್ತೇನೆ, ಇಲ್ಲದಿದ್ದರೆ ಈ ಕೆಲಸ ಮುಂದಕ್ಕೆ ಹೋಗುವುದಿಲ್ಲ. 1995ರ ಆಯ್ಕೆ ಶಿಬಿರ. ನಾನು ಶಾರ್ಟ್‌ಸ್ಟಾಪ್, ನೀವು ಎರಡನೇ ಬೇಸ್, ಕಾಲೇಜು ತಂಡದ ಕ್ಯಾಪ್ಟನ್ ಕೂಡ ನೀವೇ. ಮೂರು ವರ್ಷ ಒಬ್ಬರಿಗೊಬ್ಬರು ನೋಡದೆಯೇ ಚೆಂಡು ಕೊಡುತ್ತಿದ್ದೆವು. ರಾಜ್ಯ ತಂಡದ ಪಟ್ಟಿಯಲ್ಲಿ ನಿಮ್ಮ ಹೆಸರು ಬಂತು, ನನ್ನದು ಬರಲಿಲ್ಲ. ಪಟ್ಟಿಯಲ್ಲಿದ್ದವರಿಗೆ ಕ್ರೀಡಾ ಕೋಟಾದಲ್ಲಿ ಸರ್ಕಾರಿ ಕೆಲಸ ಸಿಕ್ಕಿತು. ನಾನು ಅದೃಷ್ಟ ಎಂದುಕೊಂಡೆ. ನಿಮ್ಮನ್ನು ಬಸ್ಸಿಗೆ ಹತ್ತಿಸಲು ಬಂದಿದ್ದೆ, ನೆನಪಿರಬಹುದು. ಆರು ತಿಂಗಳ ನಂತರ ಒಂದು ಮದುವೆಯಲ್ಲಿ ಆ ಆಯ್ಕೆಗಾರರೇ ಸಿಕ್ಕಿ ಹೇಳಿದರು, "ನಿನ್ನ ಕ್ಯಾಪ್ಟನ್ನೇ ಹೇಳಿದ್ದಪ್ಪ, ನಿನ್ನ ತೋಳು ಸಾಲದು ಅಂತ."

ಅದು ಸುಳ್ಳಾಗಿರಲಿಲ್ಲ. ನನ್ನ ತೋಳು ಸಾಲುತ್ತಿರಲಿಲ್ಲ. ಆ ಮಾತನ್ನು ನನಗೆ ಮೊದಲು ಹೇಳದೆ ಅವರಿಗೆ ಹೇಳಿದಿರಿ, ಹೇಳಿ ಬಂದು ನನ್ನ ಪಕ್ಕ ಕೂತು ಊಟ ಮಾಡಿದಿರಿ. ಅಷ್ಟೇ ನನ್ನ ದೂರು. ಅದಾದ ಮೇಲೆ ಒಂಬತ್ತು ವರ್ಷ ಗ್ಲೋವ್ ಮುಟ್ಟಲಿಲ್ಲ.

ಲಿಯೋನ್ ಶಾರ್ಟ್‌ಸ್ಟಾಪ್ ಆಗಿ ವೃತ್ತಿಪರ ಆಟಕ್ಕೆ ತಕ್ಕವನೋ ಅಲ್ಲವೋ, ಫೆಬ್ರವರಿ ಕೊನೆಗೆ ತಿಳಿಸಿ.

ಇತಿ,
ಸಂದೇಶ್

*

ಮನಾಮಾ
1 ಮಾರ್ಚ್ 2025

ಪ್ರೀತಿಯ ಸಂದೇಶ್,

ಒಂದು ದಿನ ತಡವಾಯಿತು. ನಿನಗೆ ಬರೆಯುವ ಮೊದಲು ಹುಡುಗನಿಗೆ ಹೇಳಬೇಕಿತ್ತು. ನಿನ್ನೆ ಆಟ ಮುಗಿಸಿ ಅವನನ್ನು ಕಾರಿನಲ್ಲಿ ಕೂರಿಸಿಕೊಂಡೆ. ಕೆಫೆಟೇರಿಯಾದ ಮುಂದೆ ನಿಲ್ಲಿಸಿ ಎರಡು ಕರಕ್ ಚಾ ತರಿಸಿದೆ.

"ವರದಿಯಲ್ಲಿ ಏನು ಬರೀತೇನೆ ಅಂತ ನಿನಗೆ ಮೊದಲು ಹೇಳ್ತೇನೆ" ಅಂದೆ.

"ನೋ ಅಂತ ಅಲ್ವಾ?"

"ಶಾರ್ಟ್‌ಸ್ಟಾಪ್‌ಗೆ ನೋ."

ಅವನು ಕಿಟಕಿಯ ಗಾಜು ಇಳಿಸಿದ, ಮತ್ತೆ ಏರಿಸಿದ. "ಆರ್ಮ್?"

"ಹೌದು."

"ಎಕ್ಸಾಮ್ ಮುಗಿಲಿ, ಡೈಲಿ ಜಿಮ್ ಮಾಡ್ತೇನೆ ಅಂಕಲ್. ಆರು ತಿಂಗಳು ಕೊಡಿ."

"ಸ್ವಲ್ಪ ಏರ್ತದೆ ಮಗಾ. ಬೇಕಾದಷ್ಟು ಏರುದಿಲ್ಲ. ನಿನ್ನ ಎತ್ತರ ಇಷ್ಟೇ ಅಂತ ಉಂಟಲ್ಲ, ಹಾಗೆ ಇದು. ನಿನ್ನ ತಪ್ಪಲ್ಲ. ನೀನು ಎರಡನೇ ಬೇಸಿಗೆ ಬಾ. ಅಲ್ಲಿ ನಿನ್ನಷ್ಟು..."

"ಶಾರ್ಟ್ ಸಿಗದವರನ್ನು ನಿಲ್ಲಿಸುವ ಜಾಗ ಅದು."

ನಾನು ಜೀವಮಾನವೆಲ್ಲ ನಿಂತ ಜಾಗ ಅಂತ ಹೇಳಲು ಹೋಗಲಿಲ್ಲ. ಅವನು ಚಾ ಕುಡಿಯದೆ ಕಪ್ಪನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಕೇಳಿದ, "ನಿಮಗೆ ಇದು ಯಾವಾಗಿಂದ ಗೊತ್ತು?"

"ಎರಡು ವರ್ಷದಿಂದ" ಅಂದೆ.

"ಎರಡು ವರ್ಷ ಗೊತ್ತಿದ್ದೂ ಅಲ್ಲೇ ನಿಲ್ಲಿಸಿದ್ರಾ?"

"ನಿನಗೆ ಅಲ್ಲಿ ಖುಷಿ ಇತ್ತು."

"ಅದನ್ನು ನಾನು ಕೇಳಿದ್ನಾ ಅಂಕಲ್?" ಅಂದ. ಬಾಗಿಲು ತೆಗೆದು ಇಳಿದ. ಕಪ್ಪನ್ನು ಜೋಪಾನವಾಗಿ ಸೀಟಿನ ಪಕ್ಕದಲ್ಲಿಟ್ಟು ಹೋದ. ಸಿಟ್ಟಿನಲ್ಲೂ ಚೆಲ್ಲಲಿಲ್ಲ ನೋಡು.

ಈಗ ನಿನ್ನ ವಿಷಯ. ನೀನು ನನ್ನ ಮೇಲೆ ಹೊರಿಸಿದ್ದು ಅರ್ಧ ಮಾತ್ರ. ಇನ್ನರ್ಧ ನಿನಗೆ ಗೊತ್ತಿಲ್ಲ, ಯಾರಿಗೂ ಗೊತ್ತಿಲ್ಲ, ಉಷಾಲತಾಳಿಗೂ ಮೊನ್ನೆಯೇ ಹೇಳಿದ್ದು.

ಆಯ್ಕೆಗಾರರು ಕೇಳಿದರು, ನಿನ್ನ ತೋಳು ಹೇಗೆ ಅಂತ. ಸಾಲದು ಅಂದೆ. ಅದು ನಿಜ. ಆಮೇಲೆ ಅವರು ಇನ್ನೊಂದು ಮಾತು ಕೇಳಿದರು. "ಕೈ ಚೆನ್ನಾಗಿದೆಯಲ್ಲ, ಬೇರೆ ಕಡೆ ನಿಲ್ಲಿಸಬಹುದಾ? ಎರಡನೇ ಬೇಸ್?" ನಾನು ಇಲ್ಲ ಅಂದೆ. ಅವನಿಗೆ ಅಲ್ಲಿ ಆಗುವುದಿಲ್ಲ ಅಂತ ಅಂದೆ.

ನಿನಗೆ ಅಲ್ಲಿ ಆಗುತ್ತಿತ್ತು ಸಂದೇಶ್. ನನಗಿಂತ ಚೆನ್ನಾಗಿ ಆಗುತ್ತಿತ್ತು. ನಾನು ಜ್ವರದಲ್ಲಿ ಮಲಗಿದ್ದಾಗ ಒಂದು ಪಂದ್ಯ ಅಲ್ಲಿ ನಿಂತಿದ್ದಿಯಲ್ಲ, ಕಂಬಳಿ ಹೊದ್ದು ಗ್ಯಾಲರಿಯಲ್ಲಿ ಕೂತು ನೋಡಿದ್ದೆ. ಆ ದಿನವೇ ಗೊತ್ತಾಗಿತ್ತು. ಎರಡನೇ ಬೇಸಿಗೆ ಬೇಕಾದದ್ದು ಒಬ್ಬನೇ, ಆ ಜಾಗ ನನ್ನದಾಗಿತ್ತು. ಅಷ್ಟೇ ಕಾರಣ. ಬೇರೆ ಕಾರಣ ಹುಡುಕಿ ನೋಡಿದ್ದೇನೆ, ಸಿಗಲಿಲ್ಲ.

ಕೋಟಾದಲ್ಲಿ ಸಿಕ್ಕ ಆ ಕೆಲಸದಲ್ಲಿ ನಾಲ್ಕು ವರ್ಷಕ್ಕಿಂತ ಹೆಚ್ಚು ಕೂರಲು ನನ್ನಿಂದ ಆಗಲಿಲ್ಲ. ಬಿಟ್ಟು ಬಹ್ರೇನಿಗೆ ಬಂದೆ. ಮೇಲಧಿಕಾರಿ ಸರಿಯಿಲ್ಲ ಅಂತ ಎಲ್ಲರಿಗೂ ಹೇಳಿದ್ದೆ. ಅವರು ಒಳ್ಳೆಯವರೇ ಆಗಿದ್ದರು.

ವರದಿ ಇದು. ಲಿಯೋನ್ ಶಾರ್ಟ್‌ಸ್ಟಾಪ್ ಆಗಿ ವೃತ್ತಿಪರ ಆಟಕ್ಕೆ ತಕ್ಕವನಲ್ಲ. ಎರಡನೇ ಬೇಸಿಗೆ ತಕ್ಕವನು. ನೀನೇ ಬಂದು ನೋಡಬೇಕು. ನನ್ನ ಮಾತಿನ ಮೇಲೆ ತೀರ್ಮಾನ ಮಾಡಬೇಡ.

ಕಿಟ್ಟಣ್ಣ

*

ಮನಾಮಾ
22 ಮಾರ್ಚ್ 2025

ಸಂದೇಶ್,

ನಿನ್ನಿಂದ ಉತ್ತರ ಬರಲಿಲ್ಲ. ಕೇಳುವ ಮುಖವೂ ನನಗಿಲ್ಲ. ಹುಡುಗನ ವಿಷಯಕ್ಕೆ ಮಾತ್ರ ಬರೆಯುತ್ತಿದ್ದೇನೆ.

ಎರಡು ಶುಕ್ರವಾರ ಅವನು ಬರಲಿಲ್ಲ. ಪರೀಕ್ಷೆಯಿರಬಹುದು ಅಂತ ಉಳಿದ ಮಕ್ಕಳಿಗೆ ಹೇಳಿದೆ. ಹೋದ ವಾರ ಶಾಲೆಟ್ ಸಿಸ್ಟರ್ ಡ್ಯೂಟಿ ಮುಗಿಸಿ ಅಂಗಡಿಗೇ ಬಂದರು. ನಲ್ಲಿಗಳ ಸಾಲಿನ ಮುಂದೆ ನಿಂತು, ನಲ್ಲಿ ನೋಡುವವರ ಹಾಗೆ ಮಾತಾಡಿದರು. "ನಿಮ್ಮ ಹೆಸರೆತ್ತಿದ್ರೆ ಎದ್ದು ಹೋಗ್ತಾನೆ ಕಿಟ್ಟಣ್ಣ. ಕ್ಲೆಮೆಂಟಿಗೂ ನಿಮ್ಮ ಮೇಲೆ ಬೇಜಾರು. ನನಗೆ ಇಲ್ಲ. ಆಸ್ಪತ್ರೆಯಲ್ಲಿ ನಾವು ದಿನಾ ಯಾರಿಗಾದರೂ ಇಂಥದ್ದು ಹೇಳ್ಲಿಕ್ಕುಂಟು. ಆದ್ರೆ ಎರಡು ವರ್ಷ ಇಟ್ಕೊಳ್ಳುದಿಲ್ಲ." ಆಮೇಲೆ, "ಕಾಲೇಜಿನ ಅರ್ಜಿ ತುಂಬಿಸಿ ಕಳಿಸಿದ" ಅಂತಲೂ ಹೇಳಿದರು.

ನಿನ್ನೆ ಬಂದ. ನನ್ನ ಹತ್ತಿರ ಮಾತಿಲ್ಲ. ಶಾರ್ಟ್‌ಸ್ಟಾಪ್ ಜಾಗದಲ್ಲಿ ಫಿಲಿಪಿನೋ ಹುಡುಗನನ್ನು ನಿಲ್ಲಿಸಿದ್ದೆ. ಲಿಯೋನ್ ಅವನನ್ನು ದಾಟಿ ನೇರ ಹೋಗಿ ಎರಡನೇ ಬೇಸಿನ ಪಕ್ಕ ನಿಂತ. ನಾನು ಹೊಡೆದೆ. ಮೊದಲ ಎಂಟು ಹತ್ತು ಚೆಂಡಿಗೆ ಕಾಲು ತೊಡರಿತು. ಬೆನ್ನು ಯಾವ ಕಡೆ ತಿರುಗಬೇಕೆಂದು ಗೊತ್ತಾಗದೆ ಒದ್ದಾಡಿದ. ಆಮೇಲೆ ಒಂದು ಚೆಂಡು ಶಾರ್ಟ್ ಕಡೆಗೆ ಹೊಡೆದೆ. ಆ ಹುಡುಗ ಹಿಡಿದು ಇವನಿಗೆ ಕೊಟ್ಟ. ಲಿಯೋನ್ ಬೇಸ್ ಮುಟ್ಟಿ, ಅರ್ಧ ಗಾಳಿಯಲ್ಲೇ ತಿರುಗಿ ಒಂದನೇ ಬೇಸಿಗೆ ಎಸೆದ. ಒಂದೇ ಚೆಂಡಿಗೆ ಇಬ್ಬರು ಔಟ್. ಮೈದಾನದಲ್ಲಿ ಮಕ್ಕಳೆಲ್ಲ ಕೂಗಿದರು. ಅವನು ನನ್ನ ಕಡೆ ನೋಡಲಿಲ್ಲ, ಇನ್ನೊಂದು ಹೊಡೆಯಿರಿ ಅಂತ ಗ್ಲೋವ್ ಮಾತ್ರ ತಟ್ಟಿದ.

ಅರವತ್ತು ಚೆಂಡು ಹೊಡೆದೆ. ಇವತ್ತು ಭುಜ ಎತ್ತಲಿಕ್ಕಾಗುವುದಿಲ್ಲ.

ಕಿಟ್ಟಣ್ಣ

*

ದುಬೈ
6 ಏಪ್ರಿಲ್ 2025

ಕಿಟ್ಟಣ್ಣ,

ಮಾರ್ಚ್ ಒಂದರ ಪತ್ರವನ್ನು ಶಾಲೆಯ ಎದುರು ಕಾರಿನಲ್ಲಿ, ವಿನಿತಾಳಿಗೆ ಕಾಯುತ್ತಾ ಓದಿದೆ. ಅವಳು ಬಂದು ಗಾಜಿಗೆ ತಟ್ಟಿದ್ದು ಗೊತ್ತಾಗಲಿಲ್ಲ. ಅವಳಿಗೆ ಎಲ್ಲ ಹೇಳಿದೆ. ಮೂವತ್ತು ವರ್ಷದ್ದು ಹೇಳಿ ಮುಗಿಸಲು ಮನೆಯವರೆಗಿನ ದಾರಿ ಸಾಕಾಯಿತು.

ಕ್ಷಮಿಸಿದ್ದೇನೆ ಎಂದು ಬರೆಯಲು ನಾಲ್ಕು ಸಲ ಕೂತೆ. ಬರಲಿಲ್ಲ. ಬಂದರೆ ಬರೆಯುತ್ತೇನೆ. ಒಂದು ಮಾತ್ರ ಹೇಳಬಲ್ಲೆ. ಇಷ್ಟು ವರ್ಷ ನಾನು ಸಾಲದವನು ಎಂದೇ ತಿಳಿದಿದ್ದೆ. ನಿಮ್ಮ ಮೇಲೆ ಸಿಟ್ಟಿದ್ದರೂ ನಿಮ್ಮ ಮಾತನ್ನು ನಂಬಿದ್ದೆ. ನನಗೂ ಒಂದು ಜಾಗ ಇತ್ತು ಎಂದು ಈಗ ಗೊತ್ತಾಯಿತು. ಐವತ್ತೆರಡನೇ ವಯಸ್ಸಿನಲ್ಲಿ ಇದನ್ನು ಇಟ್ಟುಕೊಂಡು ಏನು ಮಾಡುವುದು ಎಂದು ಗೊತ್ತಿಲ್ಲ. ಆದರೆ ಗೊತ್ತಾಗದೇ ಇರುವುದಕ್ಕಿಂತ ಮೇಲು.

ಕ್ಲಬ್ಬಿನ ಮುಖ್ಯ ಕೋಚ್ ಜೊತೆ 25ರ ಶುಕ್ರವಾರ ಬೆಳಿಗ್ಗೆ ಬರುತ್ತೇನೆ. ಹುಡುಗನನ್ನು ಎರಡನೇ ಬೇಸಿನಲ್ಲಿ ನೋಡುತ್ತೇವೆ. ಅವನ ತಂದೆ ತಾಯಿಯೂ ಇರಲಿ. ನನ್ನನ್ನು ಕರೆದುಕೊಳ್ಳಲು ವಿಮಾನ ನಿಲ್ದಾಣಕ್ಕೆ ಬರಬೇಡಿ, ಟ್ಯಾಕ್ಸಿಯಲ್ಲಿ ಬರುತ್ತೇನೆ.

ಸಂದೇಶ್

*

ದುಬೈ
11 ಮೇ 2025

ಕಿಟ್ಟಣ್ಣ,

ಸುದ್ದಿ ಮೊದಲು. ಲಿಯೋನನನ್ನು ತೆಗೆದುಕೊಂಡಿದ್ದಾರೆ, ಎರಡು ವರ್ಷಕ್ಕಲ್ಲ. ಸೆಪ್ಟೆಂಬರಿನಿಂದ ಹತ್ತು ವಾರದ ಶಿಬಿರಕ್ಕೆ, ಎರಡನೇ ಬೇಸಿಗೆ. ಆ ಜಾಗಕ್ಕೆ ನಾಲ್ವರು ಬರುತ್ತಾರೆ, ಕೊನೆಗೆ ಉಳಿಯುವುದು ಒಬ್ಬನೋ ಇಬ್ಬರೋ. ಉಳಿಯುತ್ತಾನೆಂದು ನಾನು ಯಾರಿಗೂ ಮಾತು ಕೊಟ್ಟಿಲ್ಲ. ಟ್ರಯಲ್ ದಿನ ಕೋಚ್ ಶಿಬಿರದ ವಿಷಯ ಹೇಳಿದ್ದರಿಂದ ಶಾಲೆಟ್ ಸಿಸ್ಟರ್ ಆಗಲೇ ಕಾಲೇಜಿಗೆ ಬರೆದು ಹತ್ತು ವಾರದ ರಜೆ ಕೇಳಿ ಪಡೆದಿದ್ದಾರೆ. "ಉಳಿದರೆ ಒಳ್ಳೆಯದು, ಬಂದರೆ ಸೀಟ್ ಉಂಟು" ಎಂದರು. ಅವರ ಹಾಗೆ ಯೋಚಿಸುವವರು ನಮ್ಮ ಕಾಲದಲ್ಲಿ ಇರಬೇಕಿತ್ತು.

ಹುಡುಗನಿಗೆ ಬೆಳಿಗ್ಗೆ ನಾನೇ ಫೋನ್ ಮಾಡಿ ಹೇಳಿದೆ. ಶಿಬಿರ ಎಷ್ಟನೇ ತಾರೀಕಿಗೆ ಎಂದು ಕೇಳಿದ. ಆಮೇಲೆ, "ಕಿಟ್ಟಣ್ಣ ಅಂಕಲ್‌ಗೆ ನಾನು ಹೇಳ್ಲಾ, ನೀವು ಹೇಳ್ತೀರಾ?" ಎಂದ. ನೀನು ಅವರ ಹತ್ತಿರ ಮಾತಾಡುತ್ತೀಯಾ ಎಂದು ಕೇಳಿದೆ. "ಟ್ರಯಲ್ ದಿನದಿಂದ ಮಾತಾಡ್ತೇನೆ. ಸ್ವಲ್ಪ ಸ್ವಲ್ಪ" ಎಂದ.

ಆ ದಿನದ ಒಂದು ವಿಷಯ. ಅವನು ಮೊದಲ ಚೆಂಡನ್ನೇ ಬಿಟ್ಟನಲ್ಲ, ಆಗ ಮುಖ್ಯ ಕೋಚ್ ಪುಸ್ತಕದಲ್ಲಿ ಏನೋ ಗೀಚಿದರು. ನಾನು ಅವರನ್ನು ನೋಡುತ್ತಿರಲಿಲ್ಲ, ನಿಮ್ಮನ್ನು ನೋಡುತ್ತಿದ್ದೆ. ನೀವು ಬ್ಯಾಟಿನಿಂದ ಬೂಟಿಗೆ ಎರಡು ಸಲ ತಟ್ಟಿದಿರಿ. ಎರಡನೆಯದನ್ನು ಮೆತ್ತಗೆ ಹೊಡೆದು ಹುಡುಗನನ್ನು ಉಳಿಸುತ್ತೀರಿ ಎಂದುಕೊಂಡೆ. ನೀವು ಇನ್ನೂ ಬಿರುಸಾಗಿ ಹೊಡೆದಿರಿ. ಅವನು ಹಾರಿ ಹಿಡಿದ. ಕೋಚ್ ಪುಸ್ತಕ ಮುಚ್ಚಿ ಎದ್ದು ನಿಂತರು. ಮೆತ್ತಗೆ ಹೊಡೆದಿದ್ದರೆ ಏಳುತ್ತಿರಲಿಲ್ಲ.

ಹೊರಡುವಾಗ ನೀವು ಕೈ ಚಾಚಿದಿರಿ. ನಾನು ಬಗ್ಗಿ ಬ್ಯಾಗ್ ಎತ್ತಿಕೊಂಡೆ. ನೋಡದೆ ಮಾಡಿದ್ದಲ್ಲ. ಇನ್ನೂ ಸ್ವಲ್ಪ ಸಿಟ್ಟು ಉಳಿದಿತ್ತು. ಟ್ಯಾಕ್ಸಿಯಲ್ಲಿ ಕೂತು ಹಿಂದೆ ತಿರುಗಿದಾಗ ನೀವು ಮೈದಾನದಲ್ಲಿ ಮಕ್ಕಳ ಜೊತೆ ಚೆಂಡು ಹೆಕ್ಕುತ್ತಿದ್ದಿರಿ. ಸೊಂಟ ಹಿಡಿದುಕೊಂಡು ಹೆಕ್ಕುತ್ತಿದ್ದಿರಿ. ಟ್ಯಾಕ್ಸಿ ನಿಲ್ಲಿಸಲು ಹೇಳಬೇಕೆಂದಿದ್ದೆ. ಹೇಳುವಷ್ಟರಲ್ಲಿ ತಿರುವು ಬಂತು.

ಜೂನ್ ಈದ್ ರಜೆಗೆ ಉಷಕ್ಕನನ್ನು ಕರೆದುಕೊಂಡು ನಮ್ಮಲ್ಲಿಗೆ ಬನ್ನಿ. ನಾಲ್ಕು ದಿನ ಇದ್ದು ಹೋಗಿ. ಕೋಣೆ ಸಿದ್ಧ ಮಾಡುತ್ತಿದ್ದೇವೆ. ಬರುವವರು ಯಾರು ಎಂದು ಸುರಕ್ಷಾ ಕೇಳಿದಳು.

ನನ್ನ ಜೊತೆ ಆಡುತ್ತಿದ್ದವರು ಎಂದು ಹೇಳಿದ್ದೇನೆ.

ಸಂದೇಶ್